ಹತ್ತು ಸೆಕೆಂಡಿನ ಮನುಷ್ಯ

ಆಧಾರ್ ಕಾರ್ಡಿನ ಫೋಟೋಗೆ ಹಾರ ಹಾಕಲು ಆಂಟಿ ಸುತರಾಂ ಒಪ್ಪಲಿಲ್ಲ.

"ನೋಡೇ ಇದನ್ನ! ಪೊಲೀಸ್ ಸ್ಟೇಷನ್ ಗೋಡೆಗೆ ಅಂಟಿಸಿರ್ತಾರಲ್ಲ, ಆ ಥರ ಇದಾರೆ. ಬಂದೋರು ಕೈ ಮುಗೀತಾರಾ, ಜೇಬು ಮುಟ್ಟಿ ನೋಡ್ಕೋತಾರಾ?"

ಅವರ ಯಜಮಾನರು ತೀರಿಕೊಂಡು ಅಂದಿಗೆ ಒಂಬತ್ತು ದಿನ. ನಾಡಿದ್ದು ಹನ್ನೊಂದನೇ ದಿನದ ತಿಥಿ. ರಾಜಾಜಿನಗರದ ನಮ್ಮ ಕ್ರಾಸಿನಲ್ಲಿ ಯಾರು ಹೋದರೂ ಫೋಟೋ ದೊಡ್ಡದು ಮಾಡಿಸಲು ನನ್ನ ಅಂಗಡಿಗೇ ಬರುತ್ತಾರೆ. ಬೋರ್ಡಿನಲ್ಲಿ ಝೆರಾಕ್ಸ್, ಡಿಟಿಪಿ, ಲ್ಯಾಮಿನೇಷನ್ ಎಂದಷ್ಟೇ ಬರೆಸಿದ್ದೇನೆ. ಮಿಕ್ಕದ್ದು ಜನಕ್ಕೆ ಗೊತ್ತು. ಮದುವೆಮನೆಯ ಗುಂಪಿನಲ್ಲಿ ಬಾಯಿ ತುಂಬ ಹೋಳಿಗೆ ತುಂಬಿಕೊಂಡು ನಿಂತವರನ್ನೂ ನಾನು ಕೆನ್ನೆ ಸರಿಮಾಡಿ ಗೋಡೆ ಹತ್ತಿಸಿದ್ದೇನೆ. ಆದರೆ ಆ ಆಧಾರ್ ಫೋಟೋ ನೋಡಿ ನನಗೂ ಕೈ ಬರಲಿಲ್ಲ.

"ಬೇರೆ ಯಾವ್ದೂ ಇಲ್ವಾ ಆಂಟಿ?"

"ಊರೋರ ಫೋಟೋನೆಲ್ಲ ತೆಗೆದ್ರು, ತಾವು ಮಾತ್ರ ಒಂದ್ರಲ್ಲೂ ಇಲ್ಲ. ಒಂದೇ ಒಂದು ಇದೆ. 'ಹಾರಕ್ಕೆ ಬೇಕಾದ ಫೋಟೋ ರೆಡಿ ಮಾಡಿ ಕಂಪ್ಯೂಟರಲ್ಲಿ ಇಟ್ಟಿದೀನಿ, ಆಮೇಲೆ ಹುಡುಕಾಡ್ಬೇಡಿ' ಅಂದ್ರು. ಅದೂ ಯುಗಾದಿ ದಿನ! ಬಿಡ್ತು ಅನ್ನಿ ಅಂತ ಬೈದಿದ್ದೆ. ಈಗ ನೋಡಿದ್ರೆ ಆ ಡಬ್ಬ ಕಣ್ಣೇ ಬಿಡ್ತಾ ಇಲ್ಲ ಕಣೇ. ನೀನೇ ಬಂದು ನೋಡು. ಅವರ ಶಿಷ್ಯೆ ಅಲ್ವಾ ನೀನು?"

ಶಿಷ್ಯೆ! ಆ ಮಾತು ಕೇಳಿ ಸಾರ್ ಅಲ್ಲಿಂದಲೇ ನಕ್ಕಿರುತ್ತಾರೆ.

ನಾನು ಅವರನ್ನು ಸಾರ್ ಎನ್ನುತ್ತಿದ್ದೆ, ಆದರೆ ಅವರು ಮೇಷ್ಟರಲ್ಲ. ಇಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬೆರಳಿನಲ್ಲೇ ಗೊತ್ತುಮಾಡುತ್ತಿದ್ದರಂತೆ. ರಿಟೈರ್ ಆದ ಮೇಲೆ ಬೇರೆಯವರು ಪಾರ್ಕು, ದೇವಸ್ಥಾನ, ಶುಗರ್ ಟೆಸ್ಟು ಹಿಡಿಯುತ್ತಾರೆ. ಇವರು ಲಿನಕ್ಸ್ ಹಿಡಿದರು, ಕಂಪ್ಯೂಟರಿಗೆ ವಿಂಡೋಸ್ ಬದಲು ಹಾಕುವ ಸಾಫ್ಟ್‌ವೇರು. ಯಾಕೆ ಸಾರ್ ಎಂದರೆ, "ಪುಕ್ಕಟೆ ಸಿಗುತ್ತೆ. ಬಿಚ್ಚಿ ನೋಡಿದ್ರೆ ಯಾರೂ ಬೈಯಲ್ಲ" ಎನ್ನುತ್ತಿದ್ದರು.

ನನಗೆ ಅವರು ಗಂಟುಬಿದ್ದದ್ದು ಒಂದು ಕರೆಂಟ್ ಬಿಲ್ಲಿನ ಝೆರಾಕ್ಸ್‌ನಿಂದ. ಒಂದು ಹಾಳೆಗೆ ಬಂದವರು ಮೂರು ಗಂಟೆ ಕೂತರು. ಆಗ ನನ್ನ ಕಂಪ್ಯೂಟರಿಗೆ ಗಿರಾಕಿಗಳ ಪೆನ್‌ಡ್ರೈವಿನಿಂದ ಬಂದ ಸಕಲ ವೈರಸ್ಸುಗಳೂ ಅಂಟಿಕೊಂಡಿದ್ದವು. ಒಂದು ಫೈಲು ತೆರೆಯಬೇಕಾದರೆ ನಾಲ್ಕು ಜಾಹೀರಾತು ತೆರೆದುಕೊಳ್ಳುತ್ತಿದ್ದವು, ಅದರಲ್ಲಿ ಎರಡನ್ನು ಹೆಂಗಸರ ಮುಂದೆ ತೋರಿಸುವ ಹಾಗೇ ಇರಲಿಲ್ಲ. ಸಾರ್ ಕನ್ನಡಕದ ಮೇಲಿಂದ ನೋಡಿ, "ಇದು ಕಂಪ್ಯೂಟರ್ ಅಲ್ಲ ಕಣಮ್ಮಾ, ಮೋರಿ" ಎಂದರು. ನನಗೆ ಮೈ ಉರಿದುಹೋಯಿತು. ನನ್ನ ಅಂಗಡಿಗೆ ಬಂದು, ನನ್ನ ಕುರ್ಚಿಯಲ್ಲಿ ಕೂತು, ನನ್ನ ಯಂತ್ರವನ್ನು ಮೋರಿ ಎನ್ನಲು ಇವರ್ಯಾರು? ಆದರೆ ಮೋರಿ ಎನ್ನುವುದು ನಿಜವಾಗಿತ್ತಲ್ಲ, ಸುಮ್ಮನಾದೆ. ಮರುದಿನವೇ ಅದರಲ್ಲಿ ಲಿನಕ್ಸ್ ಬಂದು ಕೂತಿತು.

ಕೂರಿಸಿದ್ದು ನಾನೇ. ಅವರು ಕೀಬೋರ್ಡ್ ಮುಟ್ಟುವವರೇ ಅಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹಿಂದೆ ನಿಲ್ಲುತ್ತಿದ್ದರು. "ಮಷೀನು ನಿಂದು, ನೀನೇ ಒತ್ತು." ನಾನೋ, ಹತ್ತು ಬೆರಳೂ ಒಟ್ಟಿಗೆ ಓಡಿಸುವವಳು. ಏನಾದರೂ ಕೆಟ್ಟರೆ ಎಲ್ಲ ಕೀಗಳನ್ನೂ ಒಂದು ಸುತ್ತು ಬಡಿಯುವುದು ನನ್ನ ಪದ್ಧತಿ.

"ಮುಟ್ಬೇಡ! ಮೊದ್ಲು ನೋಡು, ಆಮೇಲೆ ಮುಟ್ಟು. ನಾನು ಹೇಳಿದ ಕೀ ಒಂದೇ. ಇನ್ನೊಂದು ಮುಟ್ಟಿದ್ಯೋ, ನಾನು ಮನೆಗೆ ಹೊರಟೆ."

ಒಮ್ಮೆ ನಿಜವಾಗಿಯೂ ಹೊರಟುಹೋದರು. ಆಮೇಲೆ ನಾನೇ ಎರಡು ಬಾಳೆಹಣ್ಣು ಹಿಡಿದು ಹೋಗಿ ಕರೆತಂದೆ.

ಇನ್ನೊಂದು ಚಟ ಅವರಿಗೆ. ಡಬ್ಬದ ಮುಚ್ಚಳ ಹಾಕಿ ಸ್ಕ್ರೂ ಬಿಗಿದ ಮೇಲೆ ಪ್ರತಿ ಸ್ಕ್ರೂ ತಲೆಯ ಮೇಲೂ ಒಂದು ಚುಕ್ಕೆ ಕೆಂಪು ನೇಲ್ ಪಾಲಿಶ್ ಇಡುತ್ತಿದ್ದರು. ಯಾರಾದರೂ ಬಿಚ್ಚಿದರೆ ಬಣ್ಣ ಬಿರಿಯುತ್ತದೆ, ಗೊತ್ತಾಗುತ್ತದೆ. ಟೂಲ್‌ರೂಮಿನ ಅಭ್ಯಾಸವಂತೆ. ಆ ನೇಲ್ ಪಾಲಿಶ್ ಆಂಟಿಯದು. "ನನ್ನ ಮದುವೆ ಆದ್ಮೇಲೆ ನಾನು ತಗೊಂಡಿದ್ದು ಅದೊಂದೇ ಶೀಸೆ. ನನ್ನ ಉಗುರಿಗೆ ಹಚ್ಚಿದ್ದು ಎರಡು ಸಲ, ಮಿಕ್ಕಿದ್ದೆಲ್ಲ ಸ್ಕ್ರೂಗೆ!" ಎಂದು ಅವರು ಇಡೀ ಕ್ರಾಸಿಗೆ ಹೇಳಿಕೊಂಡು ಬಂದಿದ್ದರು.

ಹತ್ತು ಸೆಕೆಂಡಿನ ಜಗಳಕ್ಕೆ ಬರುತ್ತೇನೆ. ಲಿನಕ್ಸ್ ಹಾಕಿದ ಕಂಪ್ಯೂಟರ್ ಆನ್ ಮಾಡಿದರೆ ಮೊದಲು ಒಂದು ಪಟ್ಟಿ ಬರುತ್ತದೆ. ಯಾವುದನ್ನು ಶುರುಮಾಡಲಿ ಎಂದು ಕೇಳುವ ಪಟ್ಟಿ. ಅದಕ್ಕೆ ಮೆನು ಎನ್ನುತ್ತಾರೆ. ಉತ್ತರ ಕೊಡದಿದ್ದರೆ ಹತ್ತು ಎಣಿಸಿ, ತಾನೇ ಮೊದಲ ಸಾಲನ್ನು ಹಿಡಿದುಕೊಂಡು ಮುಂದೆ ಹೋಗುತ್ತದೆ. ಸುಮಾರು ಕಂಪ್ಯೂಟರುಗಳಲ್ಲಿ ಅದು ಬಚ್ಚಿಟ್ಟುಕೊಂಡಿರುತ್ತದೆ. ಶಿಫ್ಟ್ ಕೀ ಹಿಡಿದುಕೊಂಡಿದ್ದರೆ ಮಾತ್ರ ಮುಖ ತೋರಿಸುತ್ತದೆ. ಸಾರ್ ಯಾರಿಗೆ ಹಾಕಿಕೊಟ್ಟರೂ ಅದನ್ನು ಹೊರಗೆಳೆದು ಹತ್ತು ಸೆಕೆಂಡು ನಿಲ್ಲಿಸುತ್ತಿದ್ದರು. ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೇ ನಾಲ್ಕು ಜನ ಝೆರಾಕ್ಸ್‌ಗೆ ನಿಂತಿರುವ ಅಂಗಡಿಯಲ್ಲಿ ಹತ್ತು ಸೆಕೆಂಡು ಎಂದರೇನು ಕಡಿಮೆಯೇ? ತೆಗೆದುಹಾಕಿ ಸಾರ್ ಎಂದೆ.

"ಇರ್ಲಿ ಕಣಮ್ಮಾ. ಅದು ನಿನ್ನ ಒಂದು ಮಾತು ಕೇಳ್ತಾ ಇದೆ. ಕೇಳಿದ್ಮೇಲೆ ಉತ್ತರಕ್ಕೆ ಟೈಮ್ ಕೊಡ್ಬೇಡ್ವಾ?"

"ನಾನು ಯಾವತ್ತೂ ಉತ್ತರಾನೇ ಕೊಡಲ್ವಲ್ಲ ಸಾರ್."

"ಒಂದಿನ ಕೊಡ್ತೀಯ."

ಆ ಒಂದಿನ ಶಾಲೆಗಳ ಅಡ್ಮಿಷನ್ ನಡೆಯುವಾಗಲೇ ಬಂತು. ಅಪ್‌ಡೇಟ್ ಆದ ಮಾರನೇ ಬೆಳಿಗ್ಗೆ ಪರದೆ ಕಪ್ಪು. ಅಂಗಡಿ ಮುಂದೆ ಜಾತಿ ಪ್ರಮಾಣಪತ್ರ ಹಿಡಿದ ತಾಯಂದಿರ ಸಾಲು. ಸಾರ್ ಕೈ ಕಟ್ಟಿಕೊಂಡು ಬಂದು ನಿಂತರು. "ಹೊಸ ಎಂಜಿನ್ ನಿನ್ನ ಹಳೇ ಮಷೀನಿಗೆ ಒಗ್ಗಿಲ್ಲ. ಲಿನಕ್ಸ್ ಹೊಸದು ಬಂತು ಅಂತ ಹಳೇದನ್ನ ಎಸೆಯಲ್ಲ, ಒಳಗೆ ಇಟ್ಕೊಂಡಿರುತ್ತೆ. ಮೆನು ಬಂತಾ? ಎರಡನೇ ಸಾಲು ಒತ್ತು. ಒಳಗೆ ಹಳೇದಿದೆ, ಅದನ್ನ ಹಿಡ್ಕೋ." ಹಿಡಿದುಕೊಂಡೆ. ಬದುಕಿದೆ. ಅವತ್ತಿನಿಂದ ಆ ಹತ್ತು ಸೆಕೆಂಡಿನ ತಂಟೆಗೆ ಹೋಗಲಿಲ್ಲ.

ಅಷ್ಟು ಒಳ್ಳೆಯ ಮನುಷ್ಯನಿಗೆ ನನ್ನ ಲ್ಯಾಮಿನೇಷನ್ ಕಂಡರೆ ಆಗುತ್ತಿರಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು, "ಇಲ್ಲೊಂದು ಗುಳ್ಳೆ, ಇಲ್ಲೊಂದು ಗುಳ್ಳೆ. ಏನಮ್ಮಾ ಇದು, ಅಮ್ಮ ಎದ್ದಿದ್ದಾಳಾ?" ಎಂದು ಗಿರಾಕಿಗಳ ಮುಂದೆಯೇ ಕೇಳುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. "ನೀವು ಮಾಡ್ಸೋ ದಿನ ಗುಳ್ಳೆ ಇಲ್ದಂಗೆ ಮಾಡ್ಕೊಡ್ತೀನಿ ಬಿಡಿ ಸಾರ್" ಎಂದಿದ್ದೆ ಒಮ್ಮೆ. ಈಗ ಆ ಮಾತು ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಅವರ ಮನೆ ನನ್ನ ಅಂಗಡಿಯಿಂದ ಎರಡೇ ಕಟ್ಟಡ ಆಚೆ, ಮೊದಲನೇ ಮಹಡಿ. ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಆಂಟಿಯ ಗಂಟಲು ಕೇಳುತ್ತಿತ್ತು. "ರೀ, ಊಟಕ್ಕೆ ಬನ್ನಿ!" ಅದರ ಹಿಂದೆಯೇ ಸಾರ್ ಗಂಟಲು. "ಒಂದ್ನಿಮಿಷ!" ಕಾಲು ಗಂಟೆ ಬಿಟ್ಟು ಮತ್ತೆ, "ರೀ, ಮುದ್ದೆ ಆರೋಗ್ತಾ ಇದೆ!" "ಒಂದ್ನಿಮಿಷ!" ಮೂರನೆಯ ಸಲ ಆಂಟಿ ಕರೆಯುತ್ತಿರಲಿಲ್ಲ, ಪಾತ್ರೆ ಕುಕ್ಕುತ್ತಿದ್ದರು. ಆ ಸದ್ದಿಗೆ ನಾನು ಗಡಿಯಾರ ಸರಿಮಾಡಿಕೊಳ್ಳಬಹುದಿತ್ತು.

"ನಲವತ್ತು ವರ್ಷ ಆಯ್ತು ಕಣೇ. ಒಂದಿನ ಆದ್ರೂ ನನ್ನ ಮಾತು ಅವರ ಕಿವಿಗೆ ಬಿದ್ದಿದ್ರೆ ಕೇಳು. ಆ ಡಬ್ಬ ಕುಯ್ ಅಂದ್ರೆ ಕೇಳ್ಸುತ್ತೆ, ನಾನು ಕೂಗಿದ್ರೆ ಕೇಳ್ಸಲ್ಲ." ಟೊಮೇಟೊ ಕೊಳ್ಳುವಾಗ, ಮೆಟ್ಟಿಲಲ್ಲಿ, ನನ್ನ ಅಂಗಡಿಯ ಸ್ಟೂಲಿನ ಮೇಲೆ, ಎಲ್ಲೆಲ್ಲೂ ಇದೇ ದೂರು. ಸಾರ್ ಪಕ್ಕದಲ್ಲಿದ್ದರೆ ಅದನ್ನೂ ಕೇಳಿಸಿಕೊಳ್ಳದವರ ಹಾಗೆ ಮೆಟ್ರೊ ಕಂಬ ನೋಡುತ್ತಿದ್ದರು.

ಹೀಗಿದ್ದವರು ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಎದೆ ಹಿಡಿದುಕೊಂಡು ಕೂತರು. ಆಟೋ ಬರುವಷ್ಟರಲ್ಲಿ ಮುಗಿದೇಹೋಗಿತ್ತು.

ಆಂಟಿಯ ಹಿಂದೆ ಮೆಟ್ಟಿಲು ಹತ್ತಿದೆ. ಅಳಿಯ ಕೆಂಗೇರಿಯಿಂದ ಬಂದು ಕೂತಿದ್ದ. ಒಳ್ಳೆಯ ಹುಡುಗ, ಆದರೆ ಯಾವ ರೋಗಕ್ಕೂ ಅವನಲ್ಲಿ ಒಂದೇ ಮದ್ದು.

"ಮೂರು ದಿನದಿಂದ ಆಫ್ ಮಾಡಿ ಆನ್ ಮಾಡ್ತಾ ಇದೀನಿ ಅಕ್ಕ. ಬರೀ ಕಪ್ಪು. ಫಾರ್ಮ್ಯಾಟ್ ಮಾಡ್ಬಿಡೋಣ."

"ಫಾರ್ಮ್ಯಾಟ್ ಮಾಡಿದ್ರೆ ಫೋಟೋನೂ ಹೋಗುತ್ತಲ್ಲಪ್ಪಾ!"

"ಹಂಗಾದ್ರೆ ಡಿಸ್ಕ್ ಬಿಚ್ಚೋಣ."

"ಬಿಚ್ಚೋದಾ?" ಆಂಟಿ ಡಬ್ಬದ ಮುಂದೆ ಬಂದು ನಿಂತರು. "ಚುಕ್ಕೆ ಬಿರಿದ್ರೆ ಅವರಿಗೆ ಗೊತ್ತಾಗುತ್ತೆ!"

ಗೊತ್ತಾಗಲು ಅವರೆಲ್ಲಿದ್ದಾರೆ ಎಂದು ನಾವಿಬ್ಬರೂ ಕೇಳಲಿಲ್ಲ. ಕೆಂಪು ಚುಕ್ಕೆಗಳು ಹಾಗೇ ಉಳಿದವು.

ಕಾಯಿಲೆ ನನಗೆ ಅರ್ಥವಾಯಿತು. ಹೋಗುವ ಹಿಂದಿನ ದಿನ ಸಾರ್ ಅಪ್‌ಡೇಟ್ ಹಾಕಿದ್ದಾರೆ, ಹೊಸ ಎಂಜಿನ್ ಬಂದು ಕೂತಿದೆ, ಅದನ್ನು ಓಡಿಸಿ ನೋಡಲು ಅವರಿಗೆ ಹೊತ್ತು ಸಿಕ್ಕಿಲ್ಲ. ನನ್ನ ಅಂಗಡಿಯ ಕಥೆಯೇ ಇದು. ಮೆನುವಿನಲ್ಲಿ ಎರಡನೇ ಸಾಲು ಹಿಡಿದರೆ ಆಯಿತು. ಧೈರ್ಯವಾಗಿ ಸ್ವಿಚ್ ಹಾಕಿ, ಡಬ್ಬದ ಗುಂಡಿ ಒತ್ತಿದೆ. ಮೆನು ಬರಲಿಲ್ಲ. ನೆಟ್ಟಗೆ ಕಪ್ಪು ಪರದೆ, ಮೂಲೆಯಲ್ಲೊಂದು ಗೆರೆ ಮಿಟುಕಿಸುತ್ತಿತ್ತು.

ಊರಿಗೆಲ್ಲ ಹತ್ತು ಸೆಕೆಂಡು ಬೋಧಿಸಿದ ಮನುಷ್ಯ ತನ್ನ ಮನೆಯಲ್ಲಿ ಮೆನುವನ್ನೇ ಬಚ್ಚಿಟ್ಟಿದ್ದರೇ? ಸರಿ, ಶಿಫ್ಟ್ ಹಿಡಿದುಕೊಂಡು ಮತ್ತೆ ಹಾಕಿದೆ. ಕಪ್ಪು. ಎಡಗಡೆಯ ಶಿಫ್ಟ್, ಬಲಗಡೆಯ ಶಿಫ್ಟ್, ಎರಡೂ ಶಿಫ್ಟ್. ಕಪ್ಪು, ಕಪ್ಪು, ಕಪ್ಪು. ಕಪ್ಪು ಪರದೆಗೆ ಶಟ್‌ಡೌನ್ ಎಂದು ಹೇಳುವುದು ಹೇಗೆ? ಪ್ರತಿ ಸಲವೂ ಎಕ್ಸ್‌ಟೆನ್ಷನ್ ಬೋರ್ಡಿನ ಸ್ವಿಚ್ಚೇ ಗತಿ. ಬೇರೆ ಕೀಗಳನ್ನು ಒಂದು ಸುತ್ತು ಬಡಿಯಲು ಬೆರಳು ತುರಿಸುತ್ತಿತ್ತು. ಆದರೆ ಬೆನ್ನ ಹಿಂದೆ ಯಾರೋ ಕೈ ಕಟ್ಟಿಕೊಂಡು ನಿಂತ ಹಾಗಾಗಿ ಮುಟ್ಟಲಿಲ್ಲ. ಅಂಗಡಿ ಬಾಗಿಲು ಹಾಕಿ ಬಂದು ಎರಡು ಗಂಟೆಯಾಗಿತ್ತು. ಅಳಿಯ ಮೊಬೈಲಿನಲ್ಲಿ ಆಧಾರ್ ಫೋಟೋಗೆ ಬಿಳಿ ಶರಟು ತೊಡಿಸಲು ನೋಡುತ್ತಿದ್ದ. ನನಗೆ ಅಳು ಬರುವುದೊಂದು ಬಾಕಿ. ಆ ಫೋಟೋವನ್ನು ನಾನೇ ಪ್ರಿಂಟ್ ಹಾಕಬೇಕಲ್ಲ, ಸಾರ್ ಗೋಡೆ ಮೇಲೆ ಕಳ್ಳನ ಹಾಗೆ ಕೂರುತ್ತಾರಲ್ಲ ಎಂದು ಸಂಕಟವಾಯಿತು.

ಆಂಟಿ ಕಾಫಿ ತಂದು ಪಕ್ಕದಲ್ಲಿಟ್ಟರು. ನಿಂತು ಸ್ವಲ್ಪ ಹೊತ್ತು ನೋಡಿದರು.

"ಅವರು ಹಿಂಗ್ ಮಾಡ್ತಿರ್ಲಿಲ್ಲ ಕಣೇ."

"ಮತ್ತೆ ಹೆಂಗೆ?"

"ಮೊದ್ಲು ಆ ಟೀವಿ ಹಾಕೋರು. ಆಮೇಲೆ ಕೂತ್ಕೊಂಡು ನಿಧಾನಕ್ಕೆ ಕಾಫಿ ಕುಡಿಯೋರು. ಲೋಟ ಕೆಳಗಿಟ್ಟು ಆಮೇಲೇನೇ ಡಬ್ಬ ಒತ್ತೋರು. ದಿನಾ ಅದೇ. ನಾನೇ ಅಲ್ವಾ ಲೋಟ ತಗೊಂಡು ಹೋಗ್ತಿದ್ದೋಳು."

ಟೀವಿ ಎಂದರೆ ಮಾನಿಟರ್. ಸಾರ್ ನಾಯಂಡಹಳ್ಳಿಯ ಗುಜರಿ ಗೋಡೌನಿನಿಂದ ಹೊತ್ತು ತಂದ ಹಳೆಯ ಕಾಲದ ದಪ್ಪ ಮಾನಿಟರ್. ಅದು ಬೆಚ್ಚಗಾಗಿ ಬೆಳಕು ಬಿಡಲು ಮುಕ್ಕಾಲು ನಿಮಿಷವಾದರೂ ಬೇಕು. ಮೊದಲು ಅದಕ್ಕೆ ಗೋಡೆಯಲ್ಲಿ ಬೇರೆ ಪ್ಲಗ್ ಇತ್ತು. ಸಾರ್ ತೀರಿಕೊಂಡ ದಿನ ಅವರನ್ನು ಮಲಗಿಸಿದ್ದ ಜಾಗದಲ್ಲಿ ಒಂದು ಸಣ್ಣ ಬಲ್ಬ್ ಉರಿಸಲು ಆ ಪ್ಲಗ್ ಬೇಕಾಯಿತು. ಅಳಿಯ ಮಾನಿಟರನ್ನೂ ಡಬ್ಬವನ್ನೂ ಒಂದೇ ಬೋರ್ಡಿಗೆ ಚುಚ್ಚಿದ್ದ. ಅಂದಿನಿಂದ ಬೋರ್ಡಿನ ಸ್ವಿಚ್ ಹಾಕಿದ ತಕ್ಷಣವೇ ನಾವು ಡಬ್ಬದ ಗುಂಡಿಯನ್ನೂ ಒತ್ತುತ್ತಿದ್ದೆವು. ಮೆನು ಪ್ರತಿ ಸಲವೂ ಬರುತ್ತಿತ್ತು. ಕತ್ತಲೆ ಪರದೆಯ ಮೇಲೆ ನಿಂತು, ಮರ್ಯಾದೆಯಿಂದ ಹತ್ತು ಎಣಿಸಿ ಹೋಗುತ್ತಿತ್ತು. ಮಾನಿಟರ್ ಕಣ್ಣು ಬಿಡುವಷ್ಟರಲ್ಲಿ ಹೊಸ ಎಂಜಿನ್ ಬಂದು ಕಪ್ಪಾಗಿರುತ್ತಿತ್ತು. ಇನ್ನೂ ನಾಚಿಕೆಯ ಮಾತೆಂದರೆ, ಬಾಣದ ಕೀ ಒಂದನ್ನು ಸುಮ್ಮನೆ ಒತ್ತಿದ್ದರೂ ಎಣಿಕೆ ನಿಂತು ಮೆನು ಅಲ್ಲೇ ಕಾಯುತ್ತಿತ್ತು. ಜನ್ಮದಲ್ಲಿ ಮೊದಲ ಸಲ ನಾನು ಸಾರ್ ಮಾತು ಕೇಳಿ ಕೈ ಕಟ್ಟಿಕೊಂಡಿದ್ದೆ. ಅದೇ ಎಡವಟ್ಟಾಯಿತು.

"ಇದನ್ನ ಮೂರು ದಿನದ ಹಿಂದೇನೇ ಹೇಳ್ಬಾರ್ದಾ ಅತ್ತೆ?" ಎಂದ ಅಳಿಯ.

"ನೀವ್ಯಾರಾದ್ರೂ ನನ್ನ ಕೇಳಿದ್ರಾ?" ಎಂದರು ಆಂಟಿ.

ಎಲ್ಲ ಆಫ್ ಮಾಡಿದೆ. ಬೋರ್ಡಿನ ಸ್ವಿಚ್ ಹಾಕಿ ಮಾನಿಟರನ್ನು ಬೆಚ್ಚಗಾಗಲು ಬಿಟ್ಟೆ. ಕೂತು ಕಾಫಿ ಕುಡಿದೆ, ಪೂರ್ತಿ. ಲೋಟ ಕೆಳಗಿಟ್ಟು ಡಬ್ಬ ಒತ್ತಿದೆ. ಬಂತು ನೋಡಿ ಮೆನು! ಮೂರು ಸಾಲು. ಮೊದಲನೆಯದು, ಎರಡನೆಯದು ನನ್ನ ಅಂಗಡಿಯ ಥರವೇ. ಮೂರನೆಯದನ್ನು ಓದುವ ವ್ಯವಧಾನವಿರಲಿಲ್ಲ. ಎರಡನೆಯದರ ಒಳಗೆ ಹೋಗಿ ಹಳೆಯ ಎಂಜಿನ್ ಹಿಡಿದೆ. ಸಾರ್ ಕಂಪ್ಯೂಟರ್ ಎದ್ದು ಕೂತಿತು.

ಫೋಟೋ ಹುಡುಕಲೇ ಬೇಕಾಗಲಿಲ್ಲ, ಎದುರಿಗೇ ಇತ್ತು. ಅರ್ಧ ತೋಳಿನ ಶರಟು, ಜೇಬಿನಲ್ಲಿ ಪೆನ್ನು, ಮುಖದಲ್ಲಿ ಎಲ್ಲೋ ಗುಳ್ಳೆ ಕಂಡವರ ಗಾಂಭೀರ್ಯ. ಹಾರ ಮುಖದ ಮೇಲೆ ಬೀಳದಿರಲೆಂದು ಸುತ್ತ ಜಾಗ ಬಿಟ್ಟಿದ್ದರು. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿತ್ತು: "ಹಾರಕ್ಕೆ, 12x18, ಲ್ಯಾಮಿನೇಷನ್ ಬೇಡ."

"ಸತ್ತ ಮೇಲೂ ಬಿಡಲಿಲ್ವಲ್ಲ ಸಾರ್ ನೀವು!" ಎಂದು ಗಟ್ಟಿಯಾಗಿಯೇ ಕೂಗಿದೆ. ಆಂಟಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಸಾವಿನ ಮನೆಯಲ್ಲಿ ನಗಬಾರದು ಎನ್ನುತ್ತಾರೆ. ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಪೆನ್‌ಡ್ರೈವಿಗೆ ಫೋಟೋ ಹಾಕಿಕೊಂಡು ಏಳುತ್ತಿದ್ದೆ. ಆಂಟಿ ತಡೆದರು.

"ಆಗ್ಲೇ ಬಂತಲ್ಲ, ಅದ್ರಲ್ಲಿ ಮೂರನೇ ಸಾಲು ಏನದು?"

ರೀಸ್ಟಾರ್ಟ್ ಕೊಟ್ಟೆ. ಮಾನಿಟರ್ ಬೆಚ್ಚಗಿತ್ತು, ಮೆನು ಬಂತು. ಬಾಣದ ಕೀ ಒತ್ತಿ ಮೂರನೆಯ ಸಾಲಿನ ಮೇಲೆ ನಿಲ್ಲಿಸಿದೆ. ಕೈಯಾರೆ ಬರೆದು ಸೇರಿಸಿದ ಸಾಲು. ಅದೂ ಇಂಗ್ಲಿಷ್ ಅಕ್ಷರದ ಕನ್ನಡವೇ. ಓದಿ ಹೇಳಿದೆ.

"'ಊಟಕ್ಕೆ ಕರೆದರು' ಅಂತಿದೆ ಆಂಟಿ."

"ಒತ್ತಿದ್ರೆ ಏನಾಗುತ್ತೆ?"

ಒತ್ತಿದೆ. ಡಬ್ಬ ಒಂದು ಸಲ ಉಸಿರು ಬಿಟ್ಟ ಹಾಗೆ ಸದ್ದು ಮಾಡಿ, ಪೂರ್ತಿ ಆಫ್ ಆಯಿತು. ಅಷ್ಟೇ. ಅದರ ಕೆಲಸವೇ ಅಷ್ಟು. ಆನ್ ಮಾಡುವಾಗಲೇ ಆಂಟಿ ಕರೆದರೆ, ಅಲ್ಲಿಂದಲೇ ಆಫ್ ಮಾಡಿ ಏಳಲು ಸಾರ್ ಮಾಡಿಟ್ಟುಕೊಂಡ ಸಾಲು.

ಆಂಟಿ ಆರಿದ ಪರದೆಯ ಹತ್ತಿರ ಬಗ್ಗಿ ನೋಡಿದರು. ಆಮೇಲೆ, "ಹಂಗಾದ್ರೆ ಕೇಳಿಸ್ತಿತ್ತು" ಎಂದರು.

"ಕೇಳಿಸ್ತಿತ್ತು ಆಂಟಿ."

"ಕೇಳಿಸ್ತಿತ್ತಾ! ಕೇಳಿಸ್ಕೊಂಡೂ ಮುದ್ದೆ ಆರೋವರ್ಗೂ ಕೂತಿರ್ತಿದ್ರಾ! ಕಿವುಡು ಅಂದ್ಕೊಂಡು ಸುಮ್ನಿದ್ನಲ್ಲೇ ನಾನು! ಬರ್ಲಿ, ಬರ್ಲಿ ಮನೆಗೆ, ಇವತ್ತು..."

ಅಲ್ಲಿಗೆ ನಿಂತರು. ಒಂಬತ್ತು ದಿನದಲ್ಲಿ ಅವರು ಅತ್ತಿರಲಿಲ್ಲವಂತೆ. ಅವತ್ತು ಅತ್ತರು, ಬೈಯುತ್ತ ಬೈಯುತ್ತಲೇ, ಆ ಡಬ್ಬದ ಮೇಲೆ ಕೈಯಿಟ್ಟುಕೊಂಡು. ನನಗೂ ತಡೆಯಲಾಗಲಿಲ್ಲ.

ತಿಥಿಗೆ ಫೋಟೋ ಚೆನ್ನಾಗಿ ಬಂತು. ಗಾಜಿನ ಫ್ರೇಮ್ ಹಾಕಿಸಿದೆ, ಲ್ಯಾಮಿನೇಷನ್ ಇಲ್ಲ.

ಈಗ ಆ ಕಂಪ್ಯೂಟರ್ ಆಂಟಿಯದು, ಹಳೆಯ ಎಂಜಿನ್ನೇ ತಾನಾಗಿ ಏಳುವಂತೆ ಮಾಡಿಕೊಟ್ಟಿದ್ದೇನೆ. ಬೆಳಿಗ್ಗೆ ಟೀವಿ ಹಾಕಿ, ಕಾಫಿ ಕುಡಿದು, ಡಬ್ಬ ಒತ್ತಿ, ಸಾರ್ ತೆಗೆದ ಫೋಟೋಗಳನ್ನು ನೋಡುತ್ತಾರೆ. ಮಧ್ಯಾಹ್ನ ಒಂದಕ್ಕೆ ರೀಸ್ಟಾರ್ಟ್ ಮಾಡಿ, ಮೂರನೆಯ ಸಾಲು ಒತ್ತಿ, ಊಟಕ್ಕೆ ಏಳುತ್ತಾರೆ. ಶಟ್‌ಡೌನ್ ಬೇರೆ ಇದೆ ಆಂಟಿ, ಇಷ್ಟೆಲ್ಲ ಸುತ್ತಬೇಕಿಲ್ಲ ಎಂದೆ. "ಅದು ಎಲ್ಲರ ಮನೇಲೂ ಇರುತ್ತೆ" ಎಂದರು.

ಹೋದ ವಾರ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಹೊಸ ದೂರು ತೆಗೆದರು. "ಹತ್ತು ಸೆಕೆಂಡ್ ಸಾಲಲ್ಲ ಕಣೇ. ಕನ್ನಡಕ ಹುಡುಕಿ ಬಾಣದ ಕೀ ಹುಡುಕೋಷ್ಟರಲ್ಲಿ ಹೊರಟೇಹೋಗಿರುತ್ತೆ. ಸ್ವಲ್ಪ ಜಾಸ್ತಿ ಮಾಡ್ಕೊಡು."

"ಎಷ್ಟು ಮಾಡ್ಲಿ?"

"ಒಂದ್ನಿಮಿಷ" ಎಂದರು.

ಹೋಗಿ, ಹತ್ತನ್ನು ಅಳಿಸಿ ಅರವತ್ತು ಮಾಡಿ ಬಂದೆ.